ಹೊಟ್ಟೆ ತಿಂದ ಬಟ್ಟೆ

ಹೆದರಿಕೆಯಾದರೆ ಕೆಲವರಿಗೆ ಬೆವರು ಬರುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ನನಗೆ ನಗು ಬರುತ್ತದೆ. ಚಿಕ್ಕಂದಿನಿಂದಲೂ ಹೀಗೇ. ಮಾಸ್ತರರು ಬೆತ್ತ ಎತ್ತಿದಾಗ ನಕ್ಕು, ಆ ನಗುವಿಗೆಂದೇ ಬೇರೆ ಏಟು ತಿಂದವನು ನಾನು. ಸಾವಿನ ಮನೆಗೆ ನನ್ನನ್ನು ಕರೆದುಕೊಂಡು ಹೋಗುವುದನ್ನೇ ಮನೆಯವರು ಬಿಟ್ಟಿದ್ದರು. ಈ ಜಡ್ಡು ಅಮ್ಮನ ಕಡೆಯಿಂದ ಬಂದದ್ದು. ಅಬ್ಬಾ ನಗುವ ಪೈಕಿ ಅಲ್ಲ. ಬಾಯಲ್ಲಿ ಯಾವಾಗಲೂ ಟಾಚಣಿ ಎಂಬ ಗುಂಡುಸೂಜಿ ಕಚ್ಚಿಕೊಂಡಿರುವ ಮನುಷ್ಯ ನಗುವುದಾದರೂ ಹೇಗೆ?

ಅಬ್ಬಾ ದರ್ಜಿ. ಹುಬ್ಬಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಖೋಲಿಯೇ ಅಂಗಡಿ. ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಹಿಂದೆ ನಾವು. ಅರಳೆ ಪೇಟೆಯ, ಕಾಳಿನ ಪೇಟೆಯ ಸಾಹುಕಾರರೆಲ್ಲ ಅಬ್ಬಾನ ಗಿರಾಕಿಗಳು. ಯುದ್ಧದ ಕಾಲ ಅದು, ಬಟ್ಟೆಗೆ ಕಂಟ್ರೋಲು ಬಂದಿತ್ತು. ಪಾಳಿಯಲ್ಲಿ ನಿಂತು ತಂದ ಬಟ್ಟೆಯನ್ನು ದರ್ಜಿಯ ಕೈಗೆ ಕೊಡುವಾಗ ಎಂಥ ಸಾಹುಕಾರನೂ ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡುತ್ತಿದ್ದ. ಹೊಲಿದದ್ದನ್ನು ಒಯ್ಯಲು ಬಂದಾಗ ಎಲ್ಲರದೂ ಒಂದೇ ಪ್ರಶ್ನೆ.

"ಉಳದ ಬಟ್ಟಿ ಎಲ್ಲಿ, ಮಾಸ್ತರ?"

ಅಬ್ಬಾನದೂ ಒಂದೇ ಉತ್ತರ. ಬಾಯೊಳಗಿನ ಟಾಚಣಿ ತೆಗೆದು, ಗಿರಾಕಿಯ ನಡುವಿನ ಕಡೆ ಒಮ್ಮೆ ಮರ್ಯಾದೆಯಿಂದ ನೋಡಿ ಹೇಳುತ್ತಿದ್ದ: "ಎಲ್ಲಿ ಉಳೀತೈತ್ರಿ ಸಾವ್ಕಾರ್ರ? ನಿಮ್ಮ ಹೊಟ್ಟಿ ತಿಂದೈತಿ."

ಹೊಟ್ಟೆ ಇರುವುದು ಆಗ ಮಾನದ ಸಂಗತಿ. ಸಾಹುಕಾರರು ಅದನ್ನು ಸವರಿಕೊಂಡು ಖುಷಿಯಿಂದಲೇ ಹೋಗುತ್ತಿದ್ದರು. ಪರದೆಯ ಹಿಂದೆ ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು, ನಾನು ಅವಳ ಸೆರಗಿನ ಇನ್ನೊಂದು ತುದಿಯನ್ನು. ಯಾಕೆಂದರೆ ತುಣುಕುಗಳ ಪೆಟ್ಟಿಗೆ ನಮ್ಮ ಕಾಲಬುಡದಲ್ಲೇ ಇರುತ್ತಿತ್ತು.

ಇಷ್ಟು ಓದಿ ಅಬ್ಬಾನನ್ನು ಕಳ್ಳ ಎನ್ನಲು ಬಾಯಿ ತೆರೆದವರು ದಯವಿಟ್ಟು ಮುಚ್ಚಬೇಕು; ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಒಂದು ತೋಳು ಆಗುವಷ್ಟು ಬಟ್ಟೆ ಉಳಿದರೆ ಅಬ್ಬಾ ತಾನೇ ಮಡಿಚಿ ಕೊಡುತ್ತಿದ್ದ. ಪೆಟ್ಟಿಗೆ ಸೇರುತ್ತಿದ್ದದ್ದು ಅಂಗೈಯಗಲದ, ಮೂಲೆಮೂಲೆಯ ಚೂರುಗಳು. ಕತ್ತರಿಯ ಕೆಳಗೆ ಬಿದ್ದ ಚೂರು ದರ್ಜಿಯದು ಎಂದು ಅವನ ಅಪ್ಪನೂ ತಿಳಿದಿದ್ದ, ಅಜ್ಜನೂ ತಿಳಿದಿದ್ದ. ಗಿರಾಕಿಗಳು ಮಾತ್ರ ಹಾಗೆ ತಿಳಿದಿರಲಿಲ್ಲ, ಅಷ್ಟೇ.

ಆ ವರ್ಷ ನಾನು ಮ್ಯಾಟ್ರಿಕ್ ಪಾಸಾದೆ. ನಮ್ಮ ಓಣಿಯಲ್ಲಿ ಅಷ್ಟು ಓದಿದವನು ನಾನೇ ಮೊದಲು. ಅಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು, ಸಕ್ಕರೆಗೂ ಕಂಟ್ರೋಲು ಎನ್ನುವುದನ್ನು ಮರೆತು. ಆಮೇಲೆ ಮುಂದಿನ ರೇಶನ್ನಿನವರೆಗೆ ಬೆಲ್ಲದ ಚಹಾ ಕುಡಿದೆವು.

ಕಾಲೇಜು ಎಂದರೆ ಅಲ್ಲಿಯವರೆಗೆ ಧಾರವಾಡ. ಆದರೆ ಆಗಷ್ಟೇ ಹುಬ್ಬಳ್ಳಿಯ ಮಂದಿ ತಮ್ಮದೇ ಒಂದು ಕಾಲೇಜು ತೆರೆದಿದ್ದರು. ಸರಕಾರದ್ದಲ್ಲ, ಯಾವ ಒಬ್ಬ ಧಣಿಯದೂ ಅಲ್ಲ. ಅರಳೆಯವರು ಅಂಡಿಗೆಗೆ ಇಷ್ಟು ಎಂದು ಕೊಟ್ಟಿದ್ದರು, ಕಾಳಿನವರು ಚೀಲಕ್ಕೆ ಇಷ್ಟು ಎಂದು. ರೈಲ್ವೆ ವರ್ಕ್‌ಶಾಪಿನವರು ಪಗಾರದಲ್ಲಿ ಮುರಿಸಿಕೊಂಡಿದ್ದರು. ಹೆಂಗಸರು ಜೋಳ ಬೀಸುವ ಮುಂಚೆ ಒಂದು ಹಿಡಿ ತೆಗೆದು ಗಡಿಗೆಗೆ ಹಾಕಿ, ಗಡಿಗೆ ತುಂಬಿದ ಮೇಲೆ ಕಳಿಸಿದ್ದರು, ಅಮ್ಮನೂ ಕಳಿಸಿದ್ದಳು. ಸ್ವಂತ ಕಟ್ಟಡ ಇನ್ನೂ ಆಗಿರಲಿಲ್ಲ. ಈಗ ವಿದ್ಯಾನಗರ ಎನ್ನುತ್ತಾರಲ್ಲ, ಆ ಕಡೆ ಆಗ ಬರೀ ಹೊಲ. ಕಾಲೇಜು ನಡೆಯುತ್ತಿದ್ದದ್ದು ಪೇಟೆಯಲ್ಲಿ ಅರಳೆ ತುಂಬಿಡುತ್ತಿದ್ದ ಒಂದು ಹಳೆಯ ವಖಾರಿಯಲ್ಲಿ. ತೊಲೆಗಳ ಮೇಲೆ ಉಳಿದಿದ್ದ ಅರಳೆ ಎಳೆ ಎಳೆಯಾಗಿ ತೇಲಿಬರುತ್ತಿತ್ತು. ಪ್ರೊಫೆಸರರು ಸೀನುತ್ತಿದ್ದರು, ಅವರ ಹಿಂದೆ ಇಡೀ ಕ್ಲಾಸು ಸೀನುತ್ತಿತ್ತು. ಆ ದಾರಿಯಲ್ಲಿ ಹಾಯುವಾಗ ಕಿಟಕಿಯಿಂದ ಆ ಸೀನು ಕೇಳಿದರೂ ನನಗೆ ಆಸೆಯಾಗುತ್ತಿತ್ತು.

ಬಡ ಹುಡುಗರಿಗೆ ಅಲ್ಲಿ ನಾದಾರಿ ಇತ್ತು. ನಾದಾರಿ ಎಂದರೆ ಫೀ ಮಾಫಿ, ಮೇಲೆ ಪುಸ್ತಕಗಳಿಗೆ ಒಂದಿಷ್ಟು ವಿದ್ಯಾರ್ಥಿವೇತನ. ಜಾತಿ ಕೇಳುತ್ತಿರಲಿಲ್ಲ. ಊರಿನವನಾಗಿರಬೇಕು, ಅಂಕ ಇರಬೇಕು, ಬಡವನಾಗಿರಬೇಕು. ಅರ್ಜಿ ಕೊಟ್ಟವನು ಕಮಿಟಿಯ ಎದುರು ಬಂದು ನಿಲ್ಲಬೇಕು. ಅಂಕ ಇದ್ದವು. ಬಡತನದ ಬಗ್ಗೆ ನಾವು ಚಿಂತೆಯನ್ನೇ ಮಾಡಲಿಲ್ಲ. ಅದು ಮನೆಯಲ್ಲಿ ಧಾರಾಳವಾಗಿತ್ತು.

ಅಬ್ಬಾ ಖಡಾಖಂಡಿತವಾಗಿ ಹೇಳಿದ್ದ. ಮನೆಯಲ್ಲಿ ನಮ್ಮದು ದಖನಿ ಉರ್ದು ಮಾತು, ಇಲ್ಲಿ ಊರಿನ ಕನ್ನಡಕ್ಕೆ ತಂದು ಬರೆಯುತ್ತೇನೆ. "ನಾದಾರಿ ಬಂದ್ರ ಕಾಲೇಜು. ಬರಲಿಲ್ಲಂದ್ರ ಸೋಮವಾರದಿಂದ ಮಷಿನ್ನು." ಬರೀ ಮಾತಲ್ಲ, ಮಷಿನ್ನು ಬಂದೇ ಬಿಟ್ಟಿತ್ತು. ಯಾರೋ ವಾಪರಿಸಿ ಬಿಟ್ಟದ್ದನ್ನು ತಂದು, ಎಣ್ಣೆ ಹಾಕಿ, ಅಂಗಡಿಯ ಮೂಲೆಯಲ್ಲಿ ನನಗೆಂದೇ ಇಟ್ಟಿದ್ದ. ಹೋಗುವಾಗ ಬರುವಾಗ ಅದರ ಮುಖ ನೋಡಬೇಕಾಗುತ್ತಿತ್ತು. ನನ್ನ ಕೈಯಲ್ಲಿ ಹೊಲಿಗೆ ಎಂದೂ ನೆಟ್ಟಗೆ ಓಡಿದ್ದಿಲ್ಲ. ನಾನು ಮಾಡಿದ ಕಾಜಾದೊಳಗೆ ಗುಂಡಿ ಹೋಗುತ್ತಿರಲಿಲ್ಲ, ಹೋದರೆ ಹೊರಗೆ ಬರುತ್ತಿರಲಿಲ್ಲ. ಆ ಮಷಿನ್ನಿನ ಮೇಲೆ ಒಮ್ಮೆ ಕೂತರೆ ಸಾಯುವವರೆಗೂ ಕೆಟ್ಟ ದರ್ಜಿಯಾಗಿ ಬದುಕಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು.

ಕಮಿಟಿಯ ದಿನ ಅಬ್ಬಾ ಊರಲ್ಲಿರಲಿಲ್ಲ. ದೊಡ್ಡ ಒಕ್ಕಲುತನದ ಮನೆಗಳಲ್ಲಿ ಮದುವೆ ಬಂದರೆ ದರ್ಜಿಯನ್ನು ಮಷಿನ್ನಿನ ಸಮೇತ ಕರೆಸಿಕೊಳ್ಳುವ ರೂಢಿ ಆಗ. ತೊಟ್ಟಿಲ ಕೂಸಿನಿಂದ ಹಿಡಿದು ಅಜ್ಜನವರೆಗೆ ಎಲ್ಲರ ಬಟ್ಟೆಯನ್ನೂ ಪಡಸಾಲೆಯಲ್ಲೇ ಕೂತು ಹೊಲಿದು ಮುಗಿಸಬೇಕು. ಹಾಗೆ ಅಬ್ಬಾ ತನ್ನ ಮಷಿನ್ನನ್ನು ತಟ್ಟಿನಲ್ಲಿ ಕಟ್ಟಿಕೊಂಡು ಅಮ್ಮಿನಬಾವಿಗೆ ಹೋಗಿದ್ದ. ಹೊರಡುವಾಗ ನನಗೆ ಹೇಳಿದ್ದು ಮೂರೇ ಮಾತು. "ತೊಳದ ಅಂಗಿ ಹಾಕ್ಕೊ. ಕೇಳಿದ್ದಕ್ಕ ಖರೇ ಹೇಳು. ನಗಬ್ಯಾಡ."

ತೊಳೆದ ಅಂಗಿಯಿಂದಲೇ ಗದ್ದಲ ಶುರುವಾಯಿತು. ನನಗಿದ್ದ ಒಂದು ಅಂಗಿಯ ಬೆನ್ನು ಹರಿದಿತ್ತು. ಇನ್ನೊಂದು ಅಮ್ಮ ಪೆಟ್ಟಿಗೆಯ ತುಣುಕುಗಳನ್ನು ಜೋಡಿಸಿ ಕೈಯಿಂದಲೇ ಹೊಲಿದದ್ದು. ಮುಂದೆ ಎದೆಗೆ ಬಿಳಿಯ ಚೂರುಗಳನ್ನೇ ಆರಿಸಿ ಕೂಡಿಸಿದ್ದಳು. ಹೊಲಿಗೆ ಎಷ್ಟು ಸಣ್ಣದೆಂದರೆ ಬೆರಳಾಡಿಸಿದರೂ ಎಲ್ಲಿ ಕೂಡಿಸಿದ್ದು ಎಂದು ತಿಳಿಯುತ್ತಿರಲಿಲ್ಲ. ಆದರೆ ಬಣ್ಣವನ್ನು ಬಚ್ಚಿಡುವ ಹೊಲಿಗೆ ಯಾವುದೂ ಇಲ್ಲವಲ್ಲ. ತೋಳು ನೀಲಿ ಗೆರೆಯದು, ಬೆನ್ನು ಹಳದಿ ಚೌಕಡಿಯದು, ಕಿಸೆ ಬೂದು ಬಣ್ಣದ್ದು. ಮನೆಯಲ್ಲಿ ನಾವು ಅದನ್ನು ಕೌದಿ ಅಂಗಿ ಎಂದೇ ಕರೆಯುತ್ತಿದ್ದೆವು. ಅಬ್ಬಾ ಇದನ್ನು ಹಾಕಿಕೊಂಡು ಅಂಗಡಿಯ ಕಡೆ ಬರಕೂಡದು ಎಂದು ತಾಕೀತು ಮಾಡಿದ್ದ.

ಕಾಲೇಜಿನ ಸಿಪಾಯಿಯ ಹೆಂಡತಿ ಅಮ್ಮನ ಗೆಳತಿ. ಅವಳಿಂದ ಅಮ್ಮ ಕಮಿಟಿಯಲ್ಲಿ ಯಾರ್‍ಯಾರು ಕೂಡುತ್ತಾರೆ ಎಂದು ತಿಳಿದುಕೊಂಡು ಬಂದಳು: ಪ್ರಿನ್ಸಿಪಾಲರು, ಒಬ್ಬ ವಕೀಲರು, ಇಬ್ಬರು ಕಾಳಿನ ಸಾಹುಕಾರರು. ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಸಣ್ಣದಾಯಿತು. ಎಲ್ಲರೂ ನಮ್ಮ ಗಿರಾಕಿಗಳು. ಎಲ್ಲರೂ ಚೂರುಚೂರಾಗಿ ಆ ಅಂಗಿಯಲ್ಲಿದ್ದರು.

"ಇದನ್ನ ಹಾಕ್ಕೊಂಡು ಅವರ ಮುಂದ ನಿಂತೆಂದ್ರ ನಾದಾರಿ ಅತ್ಲಾಗಿರಲಿ, ನಿಮ್ಮ ಅಬ್ಬಾನ ಅಂಗಡಿ ಮುಚ್ಚತೈತಿ," ಎಂದಳು. ಹಾಗೆನ್ನುತ್ತಲೇ ಅವಳ ಕಣ್ಣು ಗೂಟದ ಕಡೆ ಹೋಯಿತು. ನನ್ನದೂ ಹೋಯಿತು.

ಗೂಟಕ್ಕೆ ಅರಳೆ ಪೇಟೆಯ ಒಬ್ಬ ಸಾಹುಕಾರರ ಕೋಟು ತೂಗುತ್ತಿತ್ತು. ಕರಿ ಅಲ್ಪಾಕಾ, ನುಣುಪಾದ ಉಣ್ಣೆಯ ಬಟ್ಟೆ. ಮಗಳ ಮದುವೆಗೆಂದು ಅವರು ಹೊಲಿಸಿದ್ದು. ಗುಂಡಿಗಳನ್ನು ಬೊಂಬಾಯಿಯಿಂದ ತರಿಸಿ ಕೊಟ್ಟಿದ್ದರು, ಹಿತ್ತಾಳೆಯವು, ಒಂದೊಂದರ ಮೇಲೂ ಒಂದೊಂದು ಆನೆ.

"ಗಿರಾಕಿ ಬಟ್ಟಿ ಮೈಗೆ ಹಚ್ಚಿದ್ರ ಕೈ ಮುರೀತೇನಿ ಅಂತಾರ ಅಬ್ಬಾ," ಎಂದೆ.

"ನಿಮ್ಮ ಅಬ್ಬಾ ಅಮ್ಮಿನಬಾವ್ಯಾಗ ಅದಾರ. ಕೋಟಿನ ಸಾವ್ಕಾರ್ರು ಕಮಿಟ್ಯಾಗ ಇಲ್ಲ. ಒಂದು ತಾಸಿನ್ಯಾಗ ಕೋಟು ಹೊಳ್ಳಿ ಗೂಟಕ್ಕ ಬರ್ತೈತಿ. ತೊಡು, ಲಗೂ."

ಕೌದಿ ಅಂಗಿಯ ಮೇಲೆಯೇ ತೊಟ್ಟೆ; ಕೊರಳ ಬಳಿ ಕಾಣುವುದು ಬಿಳಿ ಚೂರಷ್ಟೇ. ಆ ಕೋಟಿನೊಳಗೆ ನನ್ನಂಥವರು ಇಬ್ಬರು ಸುಖವಾಗಿ ಸಂಸಾರ ಮಾಡಬಹುದಾಗಿತ್ತು. ಅಮ್ಮ ಬೆನ್ನ ಹಿಂದೆ ಬಟ್ಟೆಯನ್ನು ಮಡಿಕೆ ಹಾಕಿ ಕಚ್ಚಾ ದಾರದಿಂದ ಎಳೆದು ಹೊಲಿದಳು. ತೋಳನ್ನು ಒಳಗೆ ಮಡಿಚಿದಳು. ಮುಂದಿನಿಂದ ನೋಡಿದರೆ ನಾನೇ ಮದುಮಗ. ಹಿಂದಿನಿಂದ ನೋಡಿದರೆ ಬಾಯಿ ಕಟ್ಟಿದ ಜೋಳದ ಚೀಲ. ಇಬ್ಬರೂ ನಕ್ಕು ನಕ್ಕು ಅಲ್ಲೇ ಕೂತುಬಿಟ್ಟೆವು. ಕೊನೆಗೆ ಅಮ್ಮ ಕಣ್ಣೊರೆಸಿಕೊಂಡು ಹೇಳಿದಳು: "ಯಾರಿಗೂ ಬೆನ್ನು ತೋರಸಬ್ಯಾಡ."

ಪೇಟೆಯಲ್ಲಿ ಗೋಡೆಗೆ ಬೆನ್ನು ಹಚ್ಚಿಕೊಂಡೇ ನಡೆದೆ. ವಖಾರಿಯ ಕಟ್ಟೆಯ ಮೇಲೆ ಆಗಲೇ ಏಳೆಂಟು ಹುಡುಗರು ಕೂತಿದ್ದರು. ನನ್ನ ಜತೆ ಓದಿದ ಒಬ್ಬ, ಮನೆಯಲ್ಲಿ ಎರಡು ಎಮ್ಮೆ ಹಿಂಡುವವನು, ತಮ್ಮ ಮನೆಯಾಳಿನ ಅಂಗಿ ತೊಟ್ಟಿದ್ದ. ಇನ್ನೊಬ್ಬ ಕಾಲಿನ ಜೋಡು ಬಿಟ್ಟು ಬರಿಗಾಲಲ್ಲಿ ಬಂದು, ರೂಢಿಯಿಲ್ಲದ್ದಕ್ಕೆ ಕುಂಟುತ್ತಿದ್ದ. ಎಲ್ಲರೂ ಎಲ್ಲೆಲ್ಲಿಂದಲೋ ಬಡತನವನ್ನು ಎರವಲು ತಂದು ತೊಟ್ಟುಕೊಂಡಿದ್ದರು.

ಆಳಿನ ಅಂಗಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಲೇ, ತಲಿ ಕೆಟ್ಟೈತೇನು? ಆನಿ ಗುಂಡಿ ಹಚ್ಚಿಕೊಂಡು ಯಾರರ ನಾದಾರಿ ಕೇಳಾಕ ಬರ್ತಾರೇನು? ಒಳಗ ಕಾಲಿಟ್ಟ ಕೂಡಲೇ ಹೊರಗ ಹಾಕ್ತಾರ. ತಗಿ ಆ ಕೋಟು!"

ಅವನ ಮಾತು ಖರೆ ಎಂದು ಆ ಕ್ಷಣಕ್ಕೇ ಹೊಳೆಯಿತು. ಮಾನವಂತರ ಎದುರು ಮಾನವಾಗಿ ಹೋಗಬೇಕು ಎಂದಷ್ಟೇ ಅಮ್ಮನಿಗೆ ಗೊತ್ತಿತ್ತು. ಬಡತನವನ್ನು ತೋರಿಸಬೇಕು ಎಂದು ನಿಜವಾಗಿ ಬಡವರಾದ ನಮಗೆ ಹೊಳೆದೇ ಇರಲಿಲ್ಲ. ಕೋಟು ಇಟ್ಟುಕೊಂಡರೆ ನಾದಾರಿ ಹೋಗುತ್ತದೆ. ತೆಗೆದರೆ ಅಬ್ಬಾನ ಅಂಗಡಿ ಹೋಗುತ್ತದೆ. ನಗು ಹೊಟ್ಟೆಯ ತಳದಿಂದ ಏಳತೊಡಗಿತು. ಅಷ್ಟರಲ್ಲಿ ಸಿಪಾಯಿ ನನ್ನ ಹೆಸರು ಕೂಗಿದ.

ಒಳಗೆ ಉದ್ದನೆಯ ಮೇಜಿನ ಹಿಂದೆ ನಾಲ್ವರು. ಪ್ರಿನ್ಸಿಪಾಲರು, ವಕೀಲರು, ದಪ್ಪ ಕನ್ನಡಕದ ಕಾಳಿನ ಸಾಹುಕಾರರು. ಇನ್ನೊಬ್ಬ ಕಾಳಿನ ಸಾಹುಕಾರರು ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋಗಿದ್ದರಂತೆ. ಅವರ ಬದಲು ಆ ದಿನದ ಮಟ್ಟಿಗೆ ಬಂದು ಕೂತಿದ್ದವರು, ಕುರ್ಚಿಯ ತುಂಬ, ಅರಳೆ ಸಾಹುಕಾರರು. ನಾನು ನಕ್ಕುಬಿಟ್ಟೆ.

"ಏನಪ್ಪಾ, ಏನು ನಗು ಅದು?" ಎಂದರು ಪ್ರಿನ್ಸಿಪಾಲರು.

"ಹೆದರಿಕಿ ರೀ," ಎಂದೆ. ಅಬ್ಬಾ ಖರೇ ಹೇಳು ಎಂದಿದ್ದನಲ್ಲ.

ಪ್ರಿನ್ಸಿಪಾಲರು ಅಂಕ ನೋಡಿ ತಲೆದೂಗಿದರು. ವಕೀಲರು ಅಂಕ ನೋಡಲಿಲ್ಲ, ಕೋಟು ನೋಡಿದರು. "ಇದು ಅಲ್ಪಾಕಾ ಹೌದಲ್ಲೋ? ನಾ ಕೋರ್ಟಿಗೆ ಹಾಕ್ಕೊಳ್ಳೋದೂ ಇಷ್ಟು ಛಲೋ ಇಲ್ಲ. ನಿನಗ ಯಾಕ ಬೇಕಪಾ ನಾದಾರಿ? ನಮಗ ಬೇಕಾದ್ರ ನೀನ ಏನರ ಕೊಡು."

ಕಾಳಿನ ಸಾಹುಕಾರರು ನಕ್ಕರು. ಪ್ರಿನ್ಸಿಪಾಲರು ಬೇಸರದಿಂದ ಟೊಪ್ಪಿಗೆ ಸರಿಪಡಿಸಿಕೊಂಡು, "ಮುಂದಿನವನನ್ನು ಕರೀರಿ" ಎಂದು ಸಿಪಾಯಿಗೆ ಹೇಳಿದರು. ಮೂಲೆಯ ಮಷಿನ್ನು ನನ್ನ ಕಣ್ಣೆದುರು ಬಂದು ನಿಂತಿತು. ಆಶ್ಚರ್ಯವೆಂದರೆ ಆಗ ಮಾತ್ರ ನಗು ಬರಲಿಲ್ಲ. ಬೆನ್ನು ತೋರಿಸಬಾರದಲ್ಲ, ಅದಕ್ಕೆ ಕೈಮುಗಿದುಕೊಂಡು ಬಾಗಿಲ ಕಡೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡತೊಡಗಿದೆ.

"ನಿಂದರು." ಅರಳೆ ಸಾಹುಕಾರರದು ಆ ದನಿ; ಅಷ್ಟು ಹೊತ್ತೂ ಅವರು ಗುಂಡಿಗಳನ್ನೇ ನೋಡುತ್ತಿದ್ದರು. "ಹೊಳ್ಳಿ ನಿಲ್ಲು."

ಹೊರಳಿದೆ. ಹಿಂದೆ ಕುರ್ಚಿ ಕಿರುಗುಟ್ಟಿತು. ಅವರು ಎದ್ದು ಬಂದು ಬೆನ್ನ ಮೇಲಿನ ಕಚ್ಚಾ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಪ್ರಿನ್ಸಿಪಾಲ್ರ, ಈ ಹುಡುಗ ಬಡವನ ಅದಾನ," ಎಂದರು. "ಕೋಟು ಇವಂದಲ್ಲ. ನಂದು."

ಮೇಲಿನಿಂದ ಅರಳೆಯ ಒಂದು ಎಳೆ ತೇಲಿಬಂದು ವಕೀಲರ ಮೂಗಿನ ಮೇಲೆ ಕೂತಿತು. ವಕೀಲರು ಸೀನಿದರು.

"ನಮ್ಮ ದರ್ಜಿ ಮಾಸ್ತರ ಮಗ ಹೌದಿಲ್ಲೋ ನೀನು? ಇಂಥಾ ಕೋಟು ಹೊಲದಾನ ನಿಮ್ಮಪ್ಪ, ಮಗನ ಮೈಮ್ಯಾಲ ಒಂದು ಕೋಟಿಲ್ಲ. ತಗಿ ಅದನ್ನ, ಸುಕ್ಕಾಕ್ಕೈತಿ. ನನ್ನ ಮಗಳ ಮದುವಿ ಐತಿ."

"ಬ್ಯಾಡ್ರಿ ಸಾವ್ಕಾರ್ರ," ಎಂದೆ. ನಾನು ಅಷ್ಟು ಅಂಗಲಾಚಿ ಬೇರೇನನ್ನೂ ಯಾರನ್ನೂ ಬೇಡಿಕೊಂಡಿಲ್ಲ. ಅವರು ಕೇಳಲಿಲ್ಲ. ಆನೆಗಳನ್ನು ಒಂದೊಂದಾಗಿ ತಾವೇ ಬಿಚ್ಚಿ, ಕೋಟನ್ನು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು.

ನಾನು ಕೌದಿ ಅಂಗಿಯಲ್ಲಿ ನಿಂತಿದ್ದೆ.

ಕಾಳಿನ ಸಾಹುಕಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಈ ನೀಲಿ ಗೆರಿ... ಇದು ನಂದಲ್ಲೇನು?" ವಕೀಲರು ಎದ್ದು ನನ್ನ ಹಿಂದೆ ಬಂದರು. "ಬೆನ್ನಿಂದು ನಂದ್ರಿ! ಈ ಚೌಕಡಿ ಹುಬ್ಬಳ್ಳ್ಯಾಗ ನಾನೊಬ್ಬನ ತಂದಿದ್ದೆ!" ಪ್ರಿನ್ಸಿಪಾಲರು ಮೇಜಿನ ಮೇಲೆ ಬಾಗಿ ನೋಡಿದರು. ಆಮೇಲೆ ಮೆಲ್ಲಗೆ, ಯಾರಿಗೂ ಕೇಳಿಸಬಾರದೆಂಬಂತೆ, "ಕಿಸೆ..." ಎಂದು ತಮ್ಮ ಬೂದು ಕೋಟಿನ ಮೇಲೆ ಕೈಯಿಟ್ಟುಕೊಂಡರು.

"ಅಲ್ಲಪಾ," ಎಂದರು ಕಾಳಿನ ಸಾಹುಕಾರರು, "ಬಟ್ಟಿ ಎಲ್ಲಾ ನನ್ನ ಹೊಟ್ಟಿ ತಿಂದೈತಿ ಅಂತಿದ್ನಲ್ಲ ನಿಮ್ಮಪ್ಪ? ಈಗ ನೋಡಿದರ ನನ್ನ ಹೊಟ್ಟಿ ನಿನ್ನ ತೋಳಿನ ಮ್ಯಾಲ ಕೂತೈತಿ!"

ಇನ್ನು ತಡೆಯಲಾಗಲಿಲ್ಲ. ನಕ್ಕೆ. ನಗುತ್ತಲೇ ಕಣ್ಣಲ್ಲಿ ನೀರು ಬಂತು, ಅದು ನಗುವಿನದಾಗಿರಲಿಲ್ಲ. ನನ್ನ ನಾದಾರಿ ಹೋದರೆ ಹೋಗಲಿ, ಅಬ್ಬಾನ ಹೆಸರು ಈ ವಖಾರಿಯಲ್ಲಿ ಕೆಡಬಾರದು ಎನ್ನಿಸಿತು. ಹೇಗೋ ಉಸಿರು ಹಿಡಿದು ಹೇಳಿದೆ.

"ಅಬ್ಬಾ ಸುಳ್ಳು ಹೇಳಿಲ್ಲರಿ. ಕೊಡೋವಷ್ಟು ಬಟ್ಟಿ ಯಾರದೂ ಉಳದಿರಲಿಲ್ಲ. ಒಬ್ಬರ ಚೂರಿನ್ಯಾಗ ಒಂದು ಟೊಪ್ಪಗಿನೂ ಆಗತಿರಲಿಲ್ಲ. ನಿಮ್ಮೆಲ್ಲಾರದೂ ಕೂಡಿದ ಮ್ಯಾಲ ನನಗ ಒಂದು ಅಂಗಿ ಆತ್ರಿ."

ಅರಳೆ ಸಾಹುಕಾರರ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಕುರ್ಚಿ ಅಲುಗಿತು. ಆಮೇಲೆ ಮೇಜು. ವಕೀಲರು ನಗುತ್ತ ಸೀನಿದರು, ಸೀನುತ್ತ ನಕ್ಕರು. ಪ್ರಿನ್ಸಿಪಾಲರು ಮುಖ ಗಂಭೀರ ಮಾಡಿಕೊಳ್ಳಲು ನೋಡಿ, ಆಗದೆ, ಟೊಪ್ಪಿಗೆ ತೆಗೆದು ಮುಖಕ್ಕೆ ಅಡ್ಡ ಹಿಡಿದರು. ಹೊರಗೆ ಕಟ್ಟೆಯ ಮೇಲಿದ್ದ ಹುಡುಗರು ಕಿಟಕಿಗೆ ಮುಖ ಹಚ್ಚಿ, ಏನೂ ತಿಳಿಯದೆ, ತಾವೂ ನಗತೊಡಗಿದರು.

"ಕೇಳ್ರಿಲ್ಲೆ," ಎಂದರು ಅರಳೆ ಸಾಹುಕಾರರು, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು. "ಈ ಹುಡುಗ ಸಣ್ಣಾಂವಿದ್ದಾಗಿಂದ ನಾವು ಇವಗ ನಾದಾರಿ ಕೊಟಗೋತನ ಬಂದೇವಿ. ನಮಗ ಗೊತ್ತಿರಲಿಲ್ಲ, ಅಷ್ಟ. ಇನ್ನ ಮ್ಯಾಲ ಗೊತ್ತಿದ್ದು ಕೊಡೂಣು."

ಹೀಗೆ ನನಗೆ ನಾದಾರಿ ಬಂತು. ಬೆನ್ನಿನ ದಾರ ಬಿಚ್ಚಿಸಿಡು ಎಂದು ಸಾಹುಕಾರರು ತಿರುಗಿ ಕೊಟ್ಟ ಕೋಟನ್ನು ಮಡಿಚಿ ಕಂಕುಳಲ್ಲಿ ಹಿಡಿದು, ಕೌದಿ ಅಂಗಿಯಲ್ಲೇ, ಈ ಸಲ ನಡುದಾರಿಯಲ್ಲಿ ಎಲ್ಲರಿಗೂ ಬೆನ್ನು ತೋರಿಸುತ್ತ, ಕುಣಿಯುವುದೊಂದು ಬಾಕಿ ಎನ್ನುವ ಹಾಗೆ ಮನೆಗೆ ಓಡಿದೆ. ಅಮ್ಮ ಕಥೆಯನ್ನು ಮೂರು ಸಲ ಹೇಳಿಸಿದಳು. ಮೂರು ಸಲವೂ "ಕಿಸೆ" ಎನ್ನುವ ಹೊತ್ತಿಗೆ ನಗು ತಡೆಯದೆ ನೆಲಕ್ಕೆ ಕೂತಳು.

ಅಬ್ಬಾ ಎರಡು ದಿನದ ಮೇಲೆ ಬಂದ. ನಾದಾರಿ ಬಂತು ಎಂದಾಗ ಅವನ ಮುಖ ಅರಳಿತು. ಉಳಿದದ್ದನ್ನು ಹೇಳಿದಾಗ ಹಾಗೇ ಬಾಡಿತು. ಅವನು ಬಯ್ಯಲಿಲ್ಲ, ಕೈ ಮುರಿಯಲಿಲ್ಲ. "ಇನ್ನ ಯಾವ ಮಾರಿ ಇಟಗೊಂಡು ಅವರ ಅಳತಿ ತಗೊಳ್ಳಲಿ?" ಎಂದಷ್ಟೇ ಅಂದು ಕೋಟಿನ ಬೆನ್ನಿನ ದಾರ ಬಿಚ್ಚುತ್ತ ಕೂತ. ಆಗ ನನಗೂ ಅಮ್ಮನಿಗೂ ನಗು ನಿಂತುಹೋಯಿತು. ಬಂದ ನಾದಾರಿಯ ಸಂತೋಷವೆಲ್ಲ ಆ ಒಂದು ಮಾತಿನಲ್ಲಿ ಇಳಿದುಹೋಯಿತು.

ಮರುದಿನ ಅರಳೆ ಸಾಹುಕಾರರು ಕೋಟಿಗೆ ಬಂದರು. ನಾನೂ ಅಮ್ಮನೂ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತೆವು. ಅವರು ಕೋಟು ತೊಟ್ಟು, ಕನ್ನಡಿಯಲ್ಲಿ ಆನೆಗಳನ್ನು ನೋಡಿಕೊಂಡು, ಹ್ಞೂಂ ಎಂದರು. ಉಳಿದ ಬಟ್ಟೆಯ ಮಾತೆತ್ತಲಿಲ್ಲ. ಅಬ್ಬಾ ತಾನೇ ಮುಂದೆ ಬಂದ. ಬಾಯಲ್ಲಿ ಟಾಚಣಿ ಇರಲಿಲ್ಲ. ಎರಡೂ ಕೈಯಲ್ಲಿ ಅಲ್ಪಾಕಾದ ಚೂರುಗಳನ್ನು ಹಿಡಿದಿದ್ದ, ಇಸ್ತ್ರಿ ಮಾಡಿ, ಒಂದರ ಮೇಲೊಂದು ಜೋಡಿಸಿ.

"ಇದು ಉಳದದ್ದರಿ, ಸಾವ್ಕಾರ್ರ."

ಸಾಹುಕಾರರು ಚೂರುಗಳನ್ನು ನೋಡಿದರು, ಅಬ್ಬಾನ ಮುಖ ನೋಡಿದರು, ಒಮ್ಮೆ ಪರದೆಯ ಕಡೆಯೂ ನೋಡಿದರು.

"ಎಲ್ಲಿ ಉಳೀತೈತಿ, ಮಾಸ್ತರ?" ಎಂದು ಹೊಟ್ಟೆಯ ಮೇಲೆ ಎರಡು ಸಲ ಬಡಿದುಕೊಂಡರು. "ಇದು ತಿಂದೈತಿ."

ಹಾಗೆಂದು ಮೆಟ್ಟಿಲಿಳಿದು ಹೋದರು. ಅಬ್ಬಾ ಚೂರುಗಳನ್ನು ಬೆಳಕಿಗೆ ಹಿಡಿದು ತಿರುವಿ ನೋಡಿ, "ಕಾಲೇಜಿಗೆ ಹೋಗವಂಗ ಇದರಾಗ ಒಂದು ಟೊಪ್ಪಗಿ ಆಕ್ಕೈತಿ" ಎಂದ. ಪರದೆಯ ಹಿಂದಿನಿಂದ ಅಮ್ಮ, "ಅಗಲ ಸಾಲಂಗಿಲ್ಲ" ಎಂದಳು. "ಸಾಲತೈತಿ" ಎಂದ ಅಬ್ಬಾ. ಅದರ ಮೇಲೆ ಇಬ್ಬರಿಗೂ ಜಗಳ ಹತ್ತಿತು. ಜಗಳದ ನಡುವೆ ಮೂಲೆಯ ಮಷಿನ್ನನ್ನು ಅಬ್ಬಾ ಎತ್ತಿ ಪರದೆಯ ಒಳಗೆ ತಂದಿಟ್ಟ: "ಹಂಗಾರ ನೀನ ಹೊಲದು ತೋರಸು."

ಸೋಮವಾರ ಆ ಮಷಿನ್ನಿನ ಮೇಲೆ ಅಮ್ಮ ಕೂತಳು. ಅವಳು ಅದರ ಮೇಲೆ ಮೊದಲು ಹೊಲಿದದ್ದು ಆ ಕರಿ ಟೊಪ್ಪಿಗೆ. ಅಗಲ ಸಾಲಲಿಲ್ಲ, ಹಿಂದೆ ಒಂದು ನೀಲಿ ಗೆರೆಯ ಪಟ್ಟಿ ಕೂಡಿಸಬೇಕಾಯಿತು.